ಮೊದಲ ಗಿರಾಕಿ, ಕೊನೆಯ ಭಾಷೆ

ಹೊಸ ಯಂತ್ರವನ್ನು ಎಲ್ಲರಿಗಿಂತ ಮೊದಲು ಕೊಳ್ಳುವವರನ್ನು ಕಂಡರೆ ನಮಗೆ ಸ್ವಲ್ಪ ತಮಾಷೆ, ಸ್ವಲ್ಪ ಹೊಟ್ಟೆಕಿಚ್ಚು. ದುಡ್ಡು ಹೆಚ್ಚಾಗಿದೆ ಅಂತ ಆಡಿಕೊಳ್ಳುತ್ತೇವೆ. ಅವರ ಮನೆಗೆ ಹೋದಾಗ ‘ಒಂದ್ಸಲ ಕೊಡಿ, ನೋಡೋಣ’ ಎಂದು ಕೈಚಾಚುತ್ತೇವೆ. ಮಿಕ್ಸೆಡ್ ರಿಯಾಲಿಟಿ ಹೆಡ್‌ಸೆಟ್ ವಿಷಯದಲ್ಲೂ ಹೀಗೇ ಆಯಿತು. ಎದುರಿನ ಕೋಣೆ ಕಾಣುತ್ತಿರುವಂತೆಯೇ ಅದರ ಮೇಲೆ ಪರದೆ, ಚಿತ್ರ, ಅಕ್ಷರಗಳನ್ನು ತೇಲಿಸುವ ಯಂತ್ರ ಅದು. ಅದನ್ನು ಕೊಂಡ ಮೊದಲಿಗರ ದೂರುಗಳು ಈಗ ಬಾಯಿಪಾಠವಾಗಿವೆ: ತೂಕ, ಬಿಸಿ, ಬೆಲೆ, ಬ್ಯಾಟರಿ, ಕೊಂಡ ಮೇಲೆ ಮಾಡಲು ಹೆಚ್ಚೇನೂ ಇಲ್ಲ ಎಂಬ ಬೇಸರ. ಎಲ್ಲವೂ ನಿಜವೇ. ಆದರೆ ಇವು ವರ್ಷ ಕಳೆದಂತೆ ತಾವಾಗಿ ಕಡಿಮೆಯಾಗುವ ದೂರುಗಳು. ತಾನಾಗಿ ಕಡಿಮೆಯಾಗದ ದೂರು ಇನ್ನೊಂದಿದೆ, ಅದನ್ನು ನಮ್ಮ ಮೊದಲ ಗಿರಾಕಿಗಳು ಹೇಳುತ್ತಲೇ ಇಲ್ಲ. ಈ ಯಂತ್ರದಲ್ಲಿ ಕನ್ನಡಕ್ಕೆ ಸರಿಯಾದ ಜಾಗವಿಲ್ಲ.

ಮೊದಲಿಗರು ಎಷ್ಟು ಕೊಟ್ಟು ಏನು ಪಡೆದರು ಎನ್ನುವುದನ್ನು ನೋಡಿ. ಮೈಕ್ರೋಸಾಫ್ಟ್ 2016ರಲ್ಲಿ ಹೋಲೋಲೆನ್ಸ್ ಅನ್ನು ತಂತ್ರಜ್ಞರಿಗೆಂದು 3,000 ಡಾಲರಿಗೆ ಮಾರಿತು. 2019ರಲ್ಲಿ ಎರಡನೆಯದು ಬಂತು, 2024ರಲ್ಲಿ ಅದರ ತಯಾರಿಕೆಯೇ ನಿಂತಿತು. ಆಪಲ್‌ನ ವಿಷನ್ ಪ್ರೊ 2024ರ ಫೆಬ್ರುವರಿಯಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದಾಗ ಬೆಲೆ 3,499 ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 2.9 ಲಕ್ಷ ರೂಪಾಯಿ. ತೂಕ 600 ಗ್ರಾಂ ದಾಟಿತ್ತು. ಆ ವರ್ಷ ಜೂನ್, ಜುಲೈಯಲ್ಲಿ ಚೀನಾ, ಜಪಾನ್, ಸಿಂಗಪುರ, ಬ್ರಿಟನ್, ಜರ್ಮನಿ ಮುಂತಾದ ದೇಶಗಳಿಗೆ ಹೋಯಿತು. ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಇಲ್ಲಿಯವರು ತರಿಸಿಕೊಂಡಿದ್ದು ದುಬೈನಿಂದಲೋ ಅಮೆರಿಕದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲೋ. ಕೆಟ್ಟರೆ ರಿಪೇರಿಗೂ ಅದೇ ಸೂಟ್‌ಕೇಸು ಕಾಯಬೇಕು.

ನಾನಿರುವ ಕಳವಾದಿಂದ ಘನ್ಸೋಲಿ ದೂರವೇನಲ್ಲ. ರಿಲಯನ್ಸ್‌ನ ದೊಡ್ಡ ಕ್ಯಾಂಪಸ್ ಅಲ್ಲೇ ಇರುವುದು. 2019ರಲ್ಲಿ ಆ ಕಂಪನಿ ಟೆಸೆರಾಕ್ಟ್ ಎಂಬ ಸ್ಟಾರ್ಟಪ್ ಅನ್ನು ಕೊಂಡು, 2020ರ ಜುಲೈ 15ರ ವಾರ್ಷಿಕ ಸಭೆಯಲ್ಲಿ ಜಿಯೋ ಗ್ಲಾಸ್ ತೋರಿಸಿತು. 75 ಗ್ರಾಂ ತೂಕ, 25 ಆ್ಯಪ್, ಫೋನಿಗೆ ಒಂದು ತಂತಿ. ಲಾಕ್‌ಡೌನ್‌ನಲ್ಲಿ ಮಕ್ಕಳು ಪುಟ್ಟ ಫೋನುಗಳಲ್ಲಿ ಪಾಠ ಕೇಳುತ್ತಿದ್ದ ದಿನಗಳವು. ಮೂರು ಆಯಾಮದ ತರಗತಿ ಎಂದಾಗ ಆಸೆಯಾಗದೆ ಇರುತ್ತದೆಯೇ? ನಮ್ಮ ಬೀದಿಯ ಮೊಬೈಲ್ ಅಂಗಡಿಗೆ ಮಾತ್ರ ಅದು ಬರಲೇ ಇಲ್ಲ. 2023ರಲ್ಲಿ ಬಂದಿದ್ದು ಜಿಯೋ ಡೈವ್, 1,299 ರೂಪಾಯಿಗೆ, ಫೋನನ್ನು ಒಳಗಿಟ್ಟು ಐಪಿಎಲ್ ನೋಡುವ ಡಬ್ಬಿ.

ಈ ಯಂತ್ರಗಳು ಯಾರ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು ಎಂದು ತಿಳಿಯಬೇಕಾದರೆ ಅವುಗಳ ಸೂಚನೆ ಓದಬೇಕು. ಮೆಟಾ ಕಂಪನಿಯ ಕ್ವೆಸ್ಟ್ ತನ್ನ ಓಡಾಟದ ಆಟಗಳಿಗೆ ಆರೂವರೆ ಅಡಿ ಉದ್ದ, ಆರೂವರೆ ಅಡಿ ಅಗಲದ ಖಾಲಿ ಜಾಗ ಇರಲಿ ಎನ್ನುತ್ತದೆ. ಕಳವಾ, ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ಸೋಫಾ, ಫ್ರಿಜ್, ಹೊಲಿಗೆ ಯಂತ್ರ, ಮಡಚಿಟ್ಟ ಹಾಸಿಗೆ ಇಷ್ಟನ್ನೂ ಬಿಟ್ಟು ಅಷ್ಟು ಖಾಲಿ ನೆಲ ಇರುವುದು ಮನೆ ಖಾಲಿ ಮಾಡುವ ದಿನ ಮಾತ್ರ. ಆದರೂ ಜಾಗ ಸಾಲದಿದ್ದರೆ ಕುಳಿತಾದರೂ ಆಡಬಹುದು. ಭಾಷೆ ಇಲ್ಲದಿದ್ದರೆ ಹಾಗೆ ಹೊಂದಿಸಿಕೊಳ್ಳಲು ಆಗುವುದಿಲ್ಲ.

ನನ್ನ ಕೆಲಸ ಅನುವಾದ. ಒಮ್ಮೆ, ಕಾರ್ಖಾನೆ ಕೆಲಸಗಾರರಿಗೆ ಹೆಡ್‌ಸೆಟ್‌ನಲ್ಲಿ ಸುರಕ್ಷತೆ ಕಲಿಸುವ ಆ್ಯಪ್‌ನ ವಾಕ್ಯಗಳು ಅನುವಾದಕ್ಕೆ ಬಂದವು. ‘ಕೆಂಪು ಗುಂಡಿ ಒತ್ತಿ’, ‘ಎರಡು ಹೆಜ್ಜೆ ಹಿಂದೆ ಸರಿಯಿರಿ’ ಇಂಥವು. ಕಳುಹಿಸಿ ಎರಡು ವಾರಕ್ಕೆ ಪರದೆಯ ಚಿತ್ರಗಳು ಬಂದವು. ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿದ್ದವು. ‘ಒತ್ತಿ’ ಎಂಬಲ್ಲಿ ಅರ್ಧ ತಕಾರ, ಪಕ್ಕದಲ್ಲಿ ಇನ್ನೊಂದು ತಕಾರ, ಗುಣಿತದ ಚಿಹ್ನೆ ಇನ್ನೆಲ್ಲೋ. ಕಾರಣ ಸರಳ: ಆಟಗಳನ್ನು ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟುಬಿಡುವ ವ್ಯವಸ್ಥೆ ಮಾತ್ರ ಇತ್ತು, ಇಂಗ್ಲಿಷ್‌ಗೆ ಅಷ್ಟು ಸಾಕು. ಕನ್ನಡಕ್ಕೆ ಅಕ್ಷರಗಳನ್ನು ಕೂಡಿಸಿ, ಕೆಳಗಿಳಿಸಿ, ಆಕಾರ ಬದಲಿಸುವ ಇನ್ನೊಂದು ಹಂತ ಬೇಕು. ಆ ಹಂತವನ್ನು ಮಾಡಿಕೊಡುವ ಹಾರ್ಫ್‌ಬಝ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್ ಎಲ್ಲ ಅದನ್ನೇ ಬಳಸುತ್ತವೆ. ಅಂದರೆ ಬೀಗವೂ ಇದೆ, ಬೀಗದ ಕೈಯೂ ಇದೆ, ತೆರೆಯುವ ಮನಸ್ಸಿಲ್ಲ ಅಷ್ಟೆ. ಕೊನೆಗೆ ಕನ್ನಡವನ್ನೇ ಕೈಬಿಟ್ಟು ಇಂಗ್ಲಿಷ್ ಉಳಿಸಿಕೊಂಡರು. ‘ಕೆಂಪು ಗುಂಡಿ ಒತ್ತಿ’ ಎಂಬುದು ಯಾರಿಗೆ ಅರ್ಥವಾಗಲೇಬೇಕಿತ್ತೋ ಅವರಿಗೆ ಅದು ಇಂಗ್ಲಿಷಿನಲ್ಲಿ ಉಳಿಯಿತು.

ಅಕ್ಷರ ಸರಿಯಾಗಿ ಕೂಡಿದರೂ ಕಷ್ಟ ಮುಗಿಯುವುದಿಲ್ಲ. ಇಂದಿನ ಹೆಡ್‌ಸೆಟ್‌ಗಳ ಪರದೆ ಕಣ್ಣಿನ ಸೂಕ್ಷ್ಮತೆಯಷ್ಟು ನಯವಾಗಿಲ್ಲ. ಥಕಾರದ ಹೊಟ್ಟೆಯೊಳಗಿನ ಚುಕ್ಕೆ, ಧಕಾರದ ಕೆಳಗಿನ ಸೀಳು ಮಸುಕಾದರೆ ಎರಡೂ ದಕಾರವೇ. ಕೆಳಗೆ ತೂಗುವ ಒತ್ತು ಇನ್ನೂ ಚಿಕ್ಕದು. ಇಂಗ್ಲಿಷಿಗೆ ಸಾಕೆನಿಸುವ ಅಕ್ಷರದ ಗಾತ್ರ, ಸಾಲುಗಳ ನಡುವಿನ ಅಂತರ ಕನ್ನಡಕ್ಕೆ ಸಾಲದು. ಕನ್ನಡ ಓದುವ ಒಬ್ಬರಾದರೂ ಮೊದಲೇ ಆ ತಂಡದಲ್ಲಿದ್ದಿದ್ದರೆ ಮೊದಲ ದಿನವೇ ಇದನ್ನು ಹೇಳುತ್ತಿದ್ದರು.

ಮೊದಲು ಯಂತ್ರ ಬರಲಿ, ಭಾಷೆ ಆಮೇಲೆ ಬರುತ್ತದೆ ಎನ್ನುವವರಿದ್ದಾರೆ. ಬರುತ್ತದೆ, ನಿಜ. ಐಫೋನ್ ಬಂದದ್ದು 2007ರಲ್ಲಿ. ಅದರಲ್ಲಿ ಕಂಪನಿಯದೇ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ. ಆಂಡ್ರಾಯ್ಡ್‌ನ ಮೊದಲ ಫೋನ್ 2008ರದು; ಕನ್ನಡ ಅಕ್ಷರಗಳು ಅದರೊಳಗೇ ಸೇರಿ ಬಂದದ್ದು 2012ರ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಬಹಳ ಫೋನುಗಳಲ್ಲಿ ಕನ್ನಡ ಎಂದರೆ ಖಾಲಿ ಚೌಕಗಳ ಸಾಲು. ಆ ಕಾಯುವ ವರ್ಷಗಳಲ್ಲಿ ಜನ ಸುಮ್ಮನೆ ಕೂರಲಿಲ್ಲ, ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯುವುದನ್ನು ಕಲಿತರು. ಕೀಲಿಮಣೆ ಬಂದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಇಂದು ನನ್ನ ಫೋನಿನ ಮನೆಮಂದಿಯ ಗುಂಪಿನಲ್ಲಿ ಅತ್ತೆ, ದೊಡ್ಡಮ್ಮ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ; ನನಗಿಂತ ಚಿಕ್ಕವರೆಲ್ಲ ಇಂಗ್ಲಿಷ್ ಲಿಪಿಯಲ್ಲಿ. ತಡವಾಗಿ ಬಂದ ಭಾಷೆ ತನ್ನ ಜಾಗಕ್ಕೆ ಬರುವುದಿಲ್ಲ, ಬೇರೆಯವರು ಕುಳಿತುಬಿಟ್ಟ ಸೀಟಿನ ಮುಂದೆ ನಿಂತುಕೊಳ್ಳುತ್ತದೆ. ಬೆಳಗಿನ ಸ್ಲೋ ಲೋಕಲ್‌ಗೆ ಕಳವಾದಲ್ಲಿ ಹತ್ತುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಯಂತ್ರದಿಂದ ನನಗೇಕೆ ಇಷ್ಟು ಆಸೆ ಎಂದು ಹೇಳಬೇಕು. 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ಮನೆಮಾತಿನವರು ಸುಮಾರು 10 ಲಕ್ಷ. ಮನೆಯಲ್ಲಿ ತುಳು, ಕೊಂಕಣಿ ಆಡಿ, ಓದಲು ಬರೆಯಲು ಕನ್ನಡವನ್ನು ಇಟ್ಟುಕೊಂಡವರು ಇವರ ಜೊತೆಗೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಕಿವಿಯ ಭಾಷೆ. ಕಣ್ಣಿಗೆ ಅದು ಬೀಳುವುದೇ ಇಲ್ಲ. ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ. ಬೀದಿಯ ಬೋರ್ಡಿನಲ್ಲಿ ದೇವನಾಗರಿ. ಅಂಗಡಿಗಳು ಮರಾಠಿ ಬೋರ್ಡ್ ಹಾಕಲೇಬೇಕು ಎಂಬ ನಿಯಮಕ್ಕೆ ಸುಪ್ರೀಂ ಕೋರ್ಟ್ 2023ರಲ್ಲಿ ಎರಡು ತಿಂಗಳ ಗಡುವು ಕೊಟ್ಟಿತ್ತು. ಅದು ನ್ಯಾಯವೇ, ಇದು ಮರಾಠಿಯ ನೆಲ. ಕಳವಾ ನಾಕಾದಲ್ಲಿ ಕನ್ನಡ ಬೋರ್ಡ್ ಬೇಕು ಎಂದು ನಾನು ಕೇಳುವುದಿಲ್ಲ, ಬೆಂಗಳೂರಿನ ಬೋರ್ಡುಗಳಲ್ಲಿ ಕನ್ನಡ ಇರಲಿ ಎನ್ನುವವರು ಇಲ್ಲಿ ಹಾಗೆ ಕೇಳಲೂಬಾರದು. ಆದರೆ ಕನ್ನಡಕದೊಳಗೆ ಕಾಣುವ ಬೋರ್ಡಿಗೆ ಗೋಡೆ ಬೇಡ, ಪರವಾನಗಿ ಬೇಡ, ಯಾರ ಜಾಗವನ್ನೂ ಅದು ಕಿತ್ತುಕೊಳ್ಳುವುದಿಲ್ಲ. ಮಗು ಔಷಧಿ ಅಂಗಡಿಯತ್ತ ನೋಡಿದಾಗ ಮರಾಠಿ ಬೋರ್ಡಿನ ಕೆಳಗೆ ಅವಳಿಗೆ ಮಾತ್ರ ‘ಔಷಧಿ ಅಂಗಡಿ’ ಎಂದು ಕಂಡರೆ ಜಗಳ ಯಾರಿಗೆ? ಹೊರನಾಡಿನಲ್ಲಿ ಒಂದು ಲಿಪಿಯನ್ನು ಕಣ್ಣಳತೆಯಲ್ಲಿ ಉಳಿಸಿಕೊಳ್ಳಲು ಇಷ್ಟು ಸುಲಭದ ದಾರಿ ಹಿಂದೆಂದೂ ಇರಲಿಲ್ಲ. ಅದಕ್ಕೇ ಈ ಸಲವೂ ಹತ್ತು ವರ್ಷ ಕಾಯಿರಿ ಎಂದರೆ ಒಪ್ಪಲು ಮನಸ್ಸಾಗುವುದಿಲ್ಲ. ಹತ್ತು ವರ್ಷದಲ್ಲಿ ಆ ಮಗುವಿನ ಅಕ್ಷರ ಕಲಿಯುವ ವಯಸ್ಸೇ ದಾಟಿರುತ್ತದೆ.

ಮಾರುಕಟ್ಟೆ ಚಿಕ್ಕದು ಎಂಬ ಉತ್ತರ ಸಿದ್ಧವಾಗಿರುತ್ತದೆ. 4.37 ಕೋಟಿ ಜನರ ಭಾಷೆ ಯಾವ ಅಳತೆಯಲ್ಲೂ ಚಿಕ್ಕದಲ್ಲ. ಮಾದರಿಗಳಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ: ಮದ್ರಾಸ್ ಐಐಟಿಯ ಎಐ4ಭಾರತ್ ತಂಡ 2023ರಲ್ಲಿ 22 ಭಾಷೆಗಳ ಅನುವಾದ ಮಾದರಿಯನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದೆ.

ಹಿಂದಿನ ಮೊದಲಿಗರಿಗೂ ಇಂದಿನವರಿಗೂ ಇರುವ ವ್ಯತ್ಯಾಸ ನೋಡಿದರೆ ನನಗೆ ಚಿಂತೆಯಾಗುತ್ತದೆ. ಇದೇ ಮುಂಬಯಿಯಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಟಾಟಾ ಪ್ರೆಸ್‌ನಲ್ಲೂ ದುಡಿದ ಕೆ. ಪಿ. ರಾವ್ ಕನ್ನಡಕ್ಕೊಂದು ಕೀಲಿಮಣೆ ವಿನ್ಯಾಸ ಮಾಡಿದರು. ಇಂದಿಗೂ ನಮ್ಮ ಬೆರಳುಗಳು ಅದರ ಮೇಲೆಯೇ ಓಡುತ್ತವೆ. 1998ರಲ್ಲಿ ಶೇಷಾದ್ರಿವಾಸು ‘ಬರಹ’ ತಂದರು. ಯಂತ್ರ ಕೊಂಡವರೇ ಅದರೊಳಗೆ ಕನ್ನಡಕ್ಕೆ ಜಾಗ ಮಾಡಿಕೊಂಡ ಕಾಲವದು. ಹೆಡ್‌ಸೆಟ್ ಹಾಗಲ್ಲ. ಅದರ ಕೀಲಿಮಣೆ, ಧ್ವನಿ ಗುರುತಿಸುವಿಕೆ, ಕಣ್ಣಿನ ನೋಟದ ಲೆಕ್ಕ ಎಲ್ಲ ಹೆಚ್ಚಾಗಿ ಕಂಪನಿಯ ಕೈಯಲ್ಲೇ. ವಿಷನ್ ಪ್ರೊ ಬಂದ ದಿನ ಅದರ ಕೀಲಿಮಣೆಗೆ ಗೊತ್ತಿದ್ದದ್ದು ಅಮೆರಿಕದ ಇಂಗ್ಲಿಷ್ ಮಾತ್ರ. ಇಲ್ಲಿ ನಾವೇ ಮಾಡಿಕೊಳ್ಳುತ್ತೇವೆ ಎನ್ನುವ ದಾರಿ ಕಿರಿದು, ಉಳಿದಿರುವುದು ಕೇಳುವ ದಾರಿ.

ಕೇಳುವವರಲ್ಲಿ ಕಂಪನಿಗಳು ಮೊದಲು ಕಿವಿಗೊಡುವುದು ಮೊದಲ ಗಿರಾಕಿಗಳಿಗೆ. ಮೂರು ಲಕ್ಷ ಕೊಟ್ಟವರು ಪಟ್ಟಿ ಬಿಗಿಯಾಗಿದೆ ಎಂದರೆ ಮುಂದಿನ ವರ್ಷ ಹೊಸ ಪಟ್ಟಿ ಬರುತ್ತದೆ. ಅವರೇ ‘ಒತ್ತಕ್ಷರ ಒಡೆಯುತ್ತಿದೆ, ಕನ್ನಡದಲ್ಲಿ ಹೇಳಿದ್ದು ಕೇಳುತ್ತಿಲ್ಲ’ ಎಂದು ಬರೆದರೆ ಅದೂ ದೋಷಗಳ ಪಟ್ಟಿಗೆ ಸೇರುತ್ತದೆ. ಬರೆಯದಿದ್ದರೆ ಯಾರಿಗೂ ಬೇಕಿಲ್ಲ ಎಂದೇ ಲೆಕ್ಕ. 2025ರ ಆಗಸ್ಟ್‌ನಲ್ಲಿ ಜಿಯೋ ಫ್ರೇಮ್ಸ್ ಎಂಬ ಹೊಸ ಕನ್ನಡಕವನ್ನು ಘೋಷಿಸಿದಾಗ ಭಾರತೀಯ ಭಾಷೆಗಳ ಮಾತು ಬಂತು. ಒಳ್ಳೆಯದೇ. ಆದರೆ ಭಾರತೀಯ ಭಾಷೆಗಳು ಎಂಬ ಬಹುವಚನ ಬಹಳ ಸಲ ಹಿಂದಿಯಲ್ಲಿ ಶುರುವಾಗಿ ಅಲ್ಲೇ ಸ್ವಲ್ಪ ಕಾಲ ತಂಗುತ್ತದೆ. ಆದ್ದರಿಂದ ಇಂಥ ಯಂತ್ರ ಕೊಳ್ಳುವ ಮೊದಲೇ ಅಂಗಡಿಯವರನ್ನು ಕೇಳೋಣ: ಕನ್ನಡ ಇದೆಯೇ, ಬರೀ ಮಾತೇ ಅಥವಾ ಲಿಪಿಯೂ ಇದೆಯೇ, ಮಂಗಳೂರಿನವರ ಕನ್ನಡವೂ ಧಾರವಾಡದವರ ಕನ್ನಡವೂ ಅದಕ್ಕೆ ತಿಳಿಯುತ್ತದೆಯೇ? ತರಬೇತಿಗೆ ಹೆಡ್‌ಸೆಟ್ ಕೊಳ್ಳುವ ಕರ್ನಾಟಕದ ಸರ್ಕಾರಿ ಸಂಸ್ಥೆಗಳಂತೂ ಟೆಂಡರಿನಲ್ಲೇ ಈ ಪ್ರಶ್ನೆ ಬರೆಯಬೇಕು. ಇಲ್ಲ ಎಂಬ ಉತ್ತರ ಬಂದರೆ ಹಣ ಕೊಡುವ ಮುಂಚೆ ಒಂದು ಸಲ ಯೋಚಿಸೋಣ. ಗಿರಾಕಿ ಮೊದಲಿಗನಾಗಿದ್ದ ಮೇಲೆ ಅವನ ಭಾಷೆ ಸಾಲಿನ ಕೊನೆಯಲ್ಲಿ ನಿಲ್ಲಬೇಕಾಗಿಲ್ಲ.