ಸ್ಕ್ಯಾನ್ ನಾರ್ಮಲ್, ಸರಿ... ಆಮೇಲೆ?

ಒಂದು ರಾತ್ರಿ ನನ್ನ ಹೆಂಡತಿಗೆ ಇದ್ದಕ್ಕಿದ್ದಂತೆ ಸಿಡಿಲು ಬಡಿದ ಹಾಗೆ ತಲೆನೋವು. ಮಾತ್ರೆ ಕೊಟ್ಟು ಮಲಗಿಸಿದೆ. ಮರುದಿನ ನಮ್ಮ ಸೀವುಡ್ಸ್ ಮನೆಯಿಂದ ಆಸ್ಪತ್ರೆಗೆ ಓಡಿದೆವು. ಸಿ.ಟಿ. ಸ್ಕ್ಯಾನ್ ನಾರ್ಮಲ್! ಡಾಕ್ಟರು "ಬೆನ್ನಿನಿಂದ ನೀರು ತೆಗೆದು ನೋಡೋಣ" ಅಂದಾಗ, ಬಿಲ್ ಏರಿಸೋ ಉಪಾಯ ಅಂದುಕೊಂಡೆ. ಮಗಳು ಹಠ ಹಿಡಿದಳು. ನೀರು ಹಳದಿಯಾಗಿತ್ತು... ಮಿದುಳಿನ ಸುತ್ತ ರಕ್ತ ಸೋರಿದ ಗುರುತು.

ಆಮೇಲೆ ಓದಿ ತಿಳಿದೆ. ಹೊತ್ತು ಕಳೆದಂತೆ ಆ ರಕ್ತ ಮಿದುಳಿನ ನೀರಿನಲ್ಲಿ ಬೆರೆತು ಸ್ಕ್ಯಾನ್‌ಗೆ ಕಾಣದಾಗಬಹುದು. 2011ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ, ನೋವು ಶುರುವಾದ 6 ಗಂಟೆಯೊಳಗೆ ಮಾಡಿದ ಸಿ.ಟಿ. ಇಂಥ ಸೋರಿಕೆಗಳನ್ನೆಲ್ಲ ಹಿಡಿದಿತ್ತು; ತಡವಾದಾಗ ನೂರರಲ್ಲಿ ಸುಮಾರು 14 ತಪ್ಪಿಸಿಕೊಂಡವು. ಹಾಲಿವುಡ್ ನಟಿ ಶರಾನ್ ಸ್ಟೋನ್‌ಗೂ 2001ರಲ್ಲಿ ಮೊದಲ ಆಂಜಿಯೋಗ್ರಾಂನಲ್ಲಿ ಸೋರಿಕೆ ಸಿಗದೆ, ಸ್ನೇಹಿತೆಯ ಒತ್ತಾಯಕ್ಕೆ ಎರಡನೆಯದು ಮಾಡಿದಾಗ ಸಿಕ್ಕಿತಂತೆ.

ಬಿ.ಕಾಂ.ನಲ್ಲೇ ಕಲಿತಿದ್ದೆ: ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೂ ಲೆಕ್ಕದಲ್ಲಿ ತಪ್ಪು ಅಡಗಿರಬಹುದು. ಬ್ಯಾಂಕಿನಲ್ಲಿ ಪಾಲಿಸಿದವನು ಮನೆಯಲ್ಲಿ ಮರೆತೆ. ಊರು ಬಿಟ್ಟು ಬಂದ ನಮಗೆ ಬುದ್ಧಿ ಹೇಳೋ ಹಿರಿಯರು ಪಕ್ಕದಲ್ಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ: ಇಂಥ ನೋವು ಬಂದರೆ ಕೂಡಲೇ ಹೊರಡಿ, ಎಷ್ಟು ಗಂಟೆಗೆ ಶುರುವಾಯ್ತು ಅಂತ ಹೇಳಿ, ಇನ್ನೊಂದು ಪರೀಕ್ಷೆ ಅಂದರೆ ನನ್ನ ಹಾಗೆ ಮುಖ ಸಿಂಡರಿಸಬೇಡಿ.

ನನ್ನಾಕೆ ಈಗ ಆರಾಮ... ನನ್ನನ್ನು ಬೈಯುವಷ್ಟು!