ಕಮಾನು ಬಿರುಸಾದರೆ ಗಾಡಿ ಭದ್ರವೆ?

ಅಬ್ಬೆತುಮಕೂರಿನಿಂದ ಯಾದಗಿರಿಯ ಕಡೆಗೆ ಹತ್ತಿ ಹೇರಿದ ಟ್ರೇಲರು ಹೊರಟಾಗ, ಏರಿನಲ್ಲಿ ಟ್ರ್ಯಾಕ್ಟರಿನ ಮೂತಿ ಹಗುರಾಗಿ ಮುಂಗಾಲಿಗಳು ನೆಲ ಬಿಡುವಂತಾಗುವುದನ್ನು ವಿದ್ಯಾರ್ಥಿಗಳಲ್ಲಿ ಹಲವರು ಕಂಡಿರಬಹುದು. ಜೀಪಿಗೆ ಟ್ರೇಲರನ್ನು ಕಟ್ಟಿದಾಗಲೂ ಹಿಂಭಾಗ ಕುಸಿದು ಮುಂಭಾಗ ಮೇಲೇಳುತ್ತದೆ. ಆಗ ಹಿಂದಿನ ಕಮಾನಿಗೆ ಇನ್ನೆರಡು ಪಟ್ಟಿಗಳನ್ನು ಸೇರಿಸುವುದು ವಾಡಿಕೆ. ಜೀಪು ಮತ್ತೆ ಸಮವಾಗಿ ನಿಲ್ಲುತ್ತದೆ. ಇನ್ನಷ್ಟು ಹೇರಬಹುದೆಂಬ ಧೈರ್ಯವೂ ಬರುತ್ತದೆ. ಈ ಧೈರ್ಯಕ್ಕೆ ಭೌತಶಾಸ್ತ್ರದ ಆಧಾರವಿಲ್ಲವೆಂಬುದೇ ನಮ್ಮ ಅಭಿಪ್ರಾಯ.

ಜೀಪನ್ನು ಒಂದು ಸನ್ನೆಗೋಲೆಂದು ಭಾವಿಸೋಣ. ಹಿಂದಿನ ಅಚ್ಚೇ ಅದರ ಆಧಾರಬಿಂದು. ಎರಡು ಅಚ್ಚುಗಳ ನಡುವೆ 2.4 ಮೀಟರ್, ಹಿಂದಿನ ಅಚ್ಚಿನಿಂದ ಕೊಂಡಿಯವರೆಗೆ 1.2 ಮೀಟರ್ ಅಂತರವಿರಲಿ. ಟ್ರೇಲರು ಕೊಂಡಿಯ ಮೇಲೆ 100 ಕಿಲೋಗ್ರಾಂ ಭಾರ ಹಾಕಿದರೆ, ಮುಂಗಾಲಿಗಳ ಮೇಲೆ 50 ಕಿಲೋಗ್ರಾಂ ಇಳಿಯುತ್ತದೆ, ಹಿಂಗಾಲಿಗಳ ಮೇಲೆ 150 ಕಿಲೋಗ್ರಾಂ ಏರುತ್ತದೆ. ಈ ಲೆಕ್ಕದಲ್ಲಿ ಕಮಾನಿನ ಮಾತೇ ಬರಲಿಲ್ಲವೆಂಬುದನ್ನು ಗಮನಿಸಬೇಕು. ಅದು ಮೆದುವಾಗಿರಲಿ, ಬಿರುಸಾಗಿರಲಿ, ಉತ್ತರ ಒಂದೇ. ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ಸಾಮಾನ್ಯವಾಗಿ ಕಮಾನೇ ಇರುವುದಿಲ್ಲ. ಆದರೂ ಅದರ ಮೂತಿ ಹಗುರಾಗುತ್ತದಲ್ಲವೆ? ತಿರುವಿನಲ್ಲಿ ದಾರಿ ತೋರುವವು ಮುಂಗಾಲಿಗಳು. ಅವುಗಳ ಹಿಡಿತ ಕುಗ್ಗಿದ್ದರೂ ಗಾಡಿ ನೆಟ್ಟಗೆ ಕಾಣುವುದು ದೊಡ್ಡ ಮೋಸ.

ಹಾಗೆಂದು ಬಿರುಸು ಕಮಾನು ನಿರರ್ಥಕವೆಂದು ನಾವು ಹೇಳುವುದಿಲ್ಲ. ಅಚ್ಚು ಚೌಕಟ್ಟಿಗೆ ಬಡಿಯುವುದನ್ನು ಅದು ತಪ್ಪಿಸುತ್ತದೆ. ಮುಂದೀಪಗಳು ಎದುರಿನವರ ಕಣ್ಣು ಕುಕ್ಕದಂತೆ ಮಾಡುತ್ತದೆ. ಆದರೆ ಕಮಾನು ಶಕ್ತಿಯನ್ನು ಬಹುಮಟ್ಟಿಗೆ ಕೂಡಿಡುತ್ತದೆ. ಅದನ್ನು ಕರಗಿಸುವುದು ಷಾಕ್ ಅಬ್ಸಾರ್ಬರಿನ ಕೆಲಸ. ಇದನ್ನು ಹಳೆಯದೇ ಉಳಿಸಿದರೆ ಗಾಡಿ ತಣಿಯುವ ಮುನ್ನ ಹೆಚ್ಚು ಸಲ ಕುಲುಕುತ್ತದೆ. ಟ್ರೇಲರನ್ನು ಕಳಚಿದ ಮೇಲಂತೂ ತಗ್ಗುದಿಣ್ಣೆಗಳಲ್ಲಿ ಹಿಂಗಾಲಿಗಳು ಪುಟಿದು ಹಿಡಿತ ತಪ್ಪುತ್ತವೆ. ಬ್ರೇಕು, ಟೈರು, ಕೊಂಡಿಗಳ ಸಾಮರ್ಥ್ಯವೋ ಎಳ್ಳಷ್ಟೂ ಹೆಚ್ಚಿರುವುದಿಲ್ಲ.

ನಿಜವಾದ ಮದ್ದು ಎತ್ತಿನ ಬಂಡಿ ಹೂಡಿದ ರೈತನಿಗೆ ಗೊತ್ತು. ಹೇರು ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ನೋಯುತ್ತದೆ, ಹಿಂದೆ ಹೆಚ್ಚಾದರೆ ನೊಗ ಮೇಲೇಳುತ್ತದೆ. ಎರಡು ಗಾಲಿಯ ಟ್ರೇಲರಿಗೂ ಇದೇ ನ್ಯಾಯ; ಹಿಂದೆ ಭಾರವಾದ ಟ್ರೇಲರು ವೇಗದಲ್ಲಿ ಬಾಲದಂತೆ ಅತ್ತಿತ್ತ ತೂಗಾಡತೊಡಗುತ್ತದೆ. ಆದುದರಿಂದ ಭಾರ ಟ್ರೇಲರಿನ ಅಚ್ಚಿಗಿಂತ ತುಸು ಮುಂದಿರಬೇಕು, ಆದಷ್ಟು ಕೆಳಗಿರಬೇಕು, ತಯಾರಕರು ವಿಧಿಸಿದ ಮಿತಿಯನ್ನು ಮೀರಬಾರದು. ಟ್ರೇಲರಿಗೂ ಬ್ರೇಕು ಬೇಕು. ವೇಗ ಇಮ್ಮಡಿಯಾದರೆ ಅದೇ ತಿರುವಿಗೆ ಬೇಕಾಗುವ ಹಿಡಿತ ನಾಲ್ಮಡಿಯಾಗುತ್ತದೆಂಬುದನ್ನೂ ಮರೆಯಬಾರದು.

ಜಾತ್ರೆಯ ದಿನಗಳಲ್ಲಿ ಸರಕಿನ ಟ್ರೇಲರುಗಳಲ್ಲಿ ಹೆಂಗಸರು ಮಕ್ಕಳೆಲ್ಲ ನಿಂತು ಹೋಗುವುದುಂಟು. ನಿಂತ ಜನರಿಂದ ಗುರುತ್ವಕೇಂದ್ರ ಮೇಲೇರಿ ಗಾಡಿ ಮಗುಚುವುದು ಇನ್ನೂ ಸುಲಭವಾಗುತ್ತದೆ. ಜನರನ್ನು ಅದರಲ್ಲಿ ಕೂಡಿಸಲೇಬಾರದು. ಇದಕ್ಕೆ ಯಾವ ಕಮಾನೂ ಪರಿಹಾರವಲ್ಲ. ಪಟ್ಟಿ ಸೇರಿಸುವ ಮೊದಲು ಮನೆಯ ಹಿರಿಯರ ಮುಂದೆ ಈ ಸನ್ನೆಗೋಲಿನ ಲೆಕ್ಕವನ್ನು ಮಾಡಿ ತೋರಿಸುವುದು ವಿಜ್ಞಾನ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯ ಕರ್ತವ್ಯವೆಂದು ನಾವು ತಿಳಿಯುತ್ತೇವೆ.