ನೂರು ಪರ್ಸೆಂಟ್ ಅಂದ್ರೂ ಆಗಿರಲಿಲ್ಲ

ಮದ್ದೂರಿನಲ್ಲಿ ನಮ್ಮಕ್ಕನ ಅಂಗಡಿ ಇದೆ. ಜೆರಾಕ್ಸ್, ಆನ್‌ಲೈನ್ ಅರ್ಜಿ, ಫೋನಿನ ಫೋಟೋ-ವಿಡಿಯೋ ಪೆನ್‌ಡ್ರೈವ್‌ಗೆ ಹಾಕಿಕೊಡೋದು, ಇಷ್ಟೇ ವ್ಯಾಪಾರ. ಅಲ್ಲಿನ ಕಂಪ್ಯೂಟರ್‌ಗೆ ಉಬುಂಟು ಹಾಕಿಕೊಟ್ಟವನು ನಾನೇ. ಮೊನ್ನೆ ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿ, 2 ಜಿಬಿ ಇದ್ದ ರ‍್ಯಾಮನ್ನು 8 ಜಿಬಿ ಮಾಡಿದವನೂ ನಾನೇ. ಹಾಗಾಗಿ ಮುಂದೆ ಹೇಳೋ ಎಡವಟ್ಟಿಗೆ ಬೇರೆ ಯಾರನ್ನೂ ಬೈಯೋ ಹಾಗಿಲ್ಲ.

ಒಂದು ಭಾನುವಾರ ಬೆಳಗ್ಗೆ ಅಕ್ಕನ ಫೋನು. ಹಿಂದಿನ ದಿನ ಮಳವಳ್ಳಿ ಕಡೆಯವರೊಬ್ಬರು 14 ವಿಡಿಯೋ, ಒಟ್ಟು 900 ಎಂಬಿ, ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಹೋಗಿದ್ದರು. ಹಳೇ ಫೋನನ್ನು ಎಲ್ಲಾ ಅಳಿಸಿ ಎಕ್ಸ್‌ಚೇಂಜ್‌ಗೆ ಕೊಟ್ಟಾಗಿತ್ತು. ಮನೆಗೆ ಹೋಗಿ ಟಿವಿಗೆ ಚುಚ್ಚಿದರೆ ಫೈಲಿನ ಹೆಸರು ಮಾತ್ರ ಇದೆ, ಒಳಗೆ ಏನೂ ಇಲ್ಲ. ತೀರಿಹೋದ ಅವರ ತಾಯಿ ಸೋಬಾನೆ ಹೇಳಿದ್ದ ವಿಡಿಯೋನೂ ಅದರಲ್ಲೇ ಇತ್ತಂತೆ. "ಅಲ್ಲ ಕಣವ್ವ, ನೂರು ಪರ್ಸೆಂಟ್ ಅಂತ ನೀನೇ ತೋರಿಸ್ದಲ್ಲ" ಅಂತ ಅವರು ಅಂಗಡಿ ಮುಂದೆ ನಿಂತಿದ್ದರು. ಅಕ್ಕ ಸುಳ್ಳು ಹೇಳಿರಲಿಲ್ಲ, ಪರದೆ ಮೇಲೆ ನಿಜವಾಗಿಯೂ ನೂರು ಬಂದಿತ್ತು. ಗಿರಾಕಿಗಳ ಫೈಲನ್ನು ಸಂಜೆ ಅಳಿಸಿ ಟ್ರ್ಯಾಶ್ ಖಾಲಿ ಮಾಡೋದು ಅವಳ ನಿಯಮ. ಅದನ್ನೂ ಮಾಡಿ ಮುಗಿಸಿದ್ದಳು.

"ಸಿಸ್ಟಮ್ ಆಫ್ ಮಾಡು, ನಾನು ಬರೋವರೆಗೆ ಮುಟ್ಟಬೇಡ" ಅಂದವನೇ ಮೈಸೂರು ಕಡೆಯ ರೈಲು ಹತ್ತಿದೆ.

ಆಗಿದ್ದು ಇಷ್ಟು. ನೀವು ಫೈಲ್ ಕಾಪಿ ಮಾಡಿದಾಗ ಲಿನಕ್ಸ್ ಅದನ್ನು ನೇರವಾಗಿ ಪೆನ್‌ಡ್ರೈವ್‌ಗೆ ಬರೆಯೋದಿಲ್ಲ. ಮೊದಲು ರ‍್ಯಾಮಿನಲ್ಲಿ ಪೇರಿಸಿಕೊಂಡು, ಆಮೇಲೆ ನಿಧಾನಕ್ಕೆ ಇಳಿಸುತ್ತೆ. ಎಷ್ಟು ಪೇರಿಸಬಹುದು ಅನ್ನೋದಕ್ಕೆ ಡರ್ಟಿ ರೇಶಿಯೋ ಅಂತ ಒಂದು ಮಿತಿ ಇದೆ. ಲಭ್ಯ ಇರೋ ಮೆಮೊರಿಯ 20 ಪರ್ಸೆಂಟ್, ಕರ್ನಲ್‌ನ ಡೀಫಾಲ್ಟ್ ಅದೇ. 2 ಜಿಬಿ ಇದ್ದಾಗ ಆ ಮಿತಿ ಮುನ್ನೂರು ಚಿಲ್ಲರೆ ಎಂಬಿ. ಬೇಗ ತುಂಬುತ್ತಿತ್ತು, ಆಮೇಲೆ ಪೆನ್‌ಡ್ರೈವ್ ಹೋದ ಹಾಗೇ ಗೆರೆಯೂ ಕುಂಟುತ್ತಾ ಹೋಗುತ್ತಿತ್ತು. 8 ಜಿಬಿ ಆದ ಮೇಲೆ ಮಿತಿ 1 ಜಿಬಿ ದಾಟಿತು. ಎಸ್‌ಎಸ್‌ಡಿ ಆ 900 ಎಂಬಿಯನ್ನು ಎರಡು-ಮೂರು ಸೆಕೆಂಡಲ್ಲಿ ಓದಿ ರ‍್ಯಾಮಿಗೆ ಸುರಿಯಿತು, ಗೆರೆ ನೂರಕ್ಕೆ ಬಂತು. ಅಗ್ಗದ ಪೆನ್‌ಡ್ರೈವ್ ಬರೆಯೋದು ಸೆಕೆಂಡಿಗೆ 5 ಎಂಬಿ. ಅಂದರೆ ಇನ್ನೂ ಮೂರು ನಿಮಿಷದ ಕೆಲಸ ಬಾಕಿ ಇರುವಾಗಲೇ ಅದನ್ನು ಕಿತ್ತು ಕೈಗೆ ಕೊಟ್ಟಾಗಿತ್ತು. ನಿಧಾನದ ಮಷೀನು ನಿಜ ಹೇಳ್ತಿತ್ತು, ನಾನು ಸ್ಪೀಡ್ ಮಾಡಿ ಅದಕ್ಕೆ ಸುಳ್ಳು ಕಲಿಸಿದೆ.

ಕಬ್ಬು ಬೆಳೆಯೋ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಡ್ಯದ ಮೈಷುಗರ್ 1933ರಿಂದ ಇದೆ. ಅಂಥ ಫ್ಯಾಕ್ಟರಿಯ ಯಾರ್ಡು ಎಷ್ಟು ದೊಡ್ಡದು ಅಂತ ನೋಡಿಕೊಂಡು ಯಾರಾದರೂ ಕಬ್ಬು ಕಡಿಸ್ತಾರಾ? ದಿನಕ್ಕೆ ಎಷ್ಟು ಟನ್ ಅರೆಯುತ್ತೆ ಅಂತ ನೋಡಿ ಕಡಿಸ್ತಾರೆ. ಇಲ್ಲದಿದ್ದರೆ ಗಾಡಿಗಳು ಸಾಲುಗಟ್ಟಿ ನಿಂತು, ಕಬ್ಬು ಒಣಗಿ ತೂಕ ಹೋಗುತ್ತೆ. ಲಿನಕ್ಸ್ ಇಲ್ಲಿ ಯಾರ್ಡಿನ ಅಳತೆ ನೋಡಿತೇ ಹೊರತು ಗಾಣದ ಕಡೆ ನೋಡಲಿಲ್ಲ.

ಇದು ಹೊಸ ದೂರೇನಲ್ಲ. 2013ರಲ್ಲೇ ಕರ್ನಲ್ ಬಳಗದಲ್ಲಿ ಇದೇ ಪೆನ್‌ಡ್ರೈವ್ ಸಮಸ್ಯೆ ಚರ್ಚೆಗೆ ಬಂದಿತ್ತು. ಈ ಪರ್ಸೆಂಟ್ ಲೆಕ್ಕ 8ರಿಂದ 64 ಎಂಬಿ ಮೆಮೊರಿ ಇದ್ದ ಕಾಲದ್ದು ಅಂತ ಲೈನಸ್ ಟೊರ್ವಾಲ್ಡ್ಸ್ ಅವರೇ ಒಪ್ಪಿಕೊಂಡಿದ್ದರು. ವಿಚಿತ್ರ ಅಂದರೆ ಅದರ ಸುತ್ತಮುತ್ತಲಿನದೆಲ್ಲ ಅಷ್ಟರಲ್ಲಿ ಬದಲಾಗಿದೆ. ಹಳೇ ಎಎಚ್‌ಸಿಐ ಪದ್ಧತಿಯಲ್ಲಿ ಒಂದು ಸಾಲು, ಅದರಲ್ಲಿ 32 ಕೆಲಸ. ಎನ್‌ವಿಎಂಇ ಬಂದ ಮೇಲೆ 65 ಸಾವಿರದಷ್ಟು ಸಾಲುಗಳಿಗೆ ಅವಕಾಶ. ಅದಕ್ಕೆ ತಕ್ಕಂತೆ 2014ರ ಜನವರಿಯ 3.13 ಕರ್ನಲ್‌ನಲ್ಲಿ ಬಹುಸಾಲಿನ ವ್ಯವಸ್ಥೆ ಬಂತು, 2019ರ 5.0ರಲ್ಲಿ ಹಾರ್ಡ್ ಡಿಸ್ಕ್ ಕಾಲದ ಸಿಎಫ್‌ಕ್ಯೂ ಶೆಡ್ಯೂಲರನ್ನೇ ಕಿತ್ತು ಹಾಕಿದರು. ನಮ್ಮ ಬೆಂಗಳೂರಿನ ಸ್ಯಾಮ್‌ಸಂಗ್ ಸೆಮಿಕಂಡಕ್ಟರ್ ಸಂಶೋಧನಾ ಕೇಂದ್ರದ ಕಾಂಚನ್ ಜೋಶಿ ಮತ್ತು ಜೊತೆಗಾರರು ಎನ್‌ವಿಎಂಇಗೆ ಮಧ್ಯದ ಪದರಗಳನ್ನು ದಾಟಿ ಹೋಗೋ ಹಾದಿಯನ್ನು ಲಿನಕ್ಸಿಗೆ ಸೇರಿಸಿದ್ದಾರೆ. ಇಷ್ಟೆಲ್ಲ ಆದರೂ ಆ 20 ಮಾತ್ರ ಕೂತ ಜಾಗ ಬಿಟ್ಟು ಎದ್ದಿಲ್ಲ. ವಿಂಡೋಸ್‌ನವರು ಈ ವಿಷಯದಲ್ಲಿ ಜಾಣರು. ವಿಂಡೋಸ್ 10ರ 1809 ಆವೃತ್ತಿಯಿಂದ ಪೆನ್‌ಡ್ರೈವ್‌ಗೆ ಬೇಗ ಕೀಳಬಹುದಾದ ನೀತಿಯನ್ನೇ ಡೀಫಾಲ್ಟ್ ಮಾಡಿದ್ದಾರೆ.

ಮದ್ದೂರು ತಲುಪೋ ಹೊತ್ತಿಗೆ ನನ್ನ ಚಿಂತೆ ಬೇರೆಯೇ ಆಗಿತ್ತು. ಹಾರ್ಡ್ ಡಿಸ್ಕಿನಲ್ಲಿ ಫೈಲ್ ಅಳಿಸಿದರೆ ಪಟ್ಟಿಯಿಂದ ಹೆಸರು ಹೋಗುತ್ತೆ, ಸರಕು ಅಲ್ಲೇ ಬಿದ್ದಿರುತ್ತೆ. ಎಸ್‌ಎಸ್‌ಡಿ ಹಾಗಲ್ಲ. ಬರೆದ ಜಾಗದ ಮೇಲೆ ಹೊಸದು ಬರೆಯೋ ಮುಂಚೆ ಅದನ್ನು ಒರೆಸಲೇಬೇಕು. ಅದಕ್ಕೇ ಯಾವ ಜಾಗ ಖಾಲಿ ಅಂತ ಓಎಸ್ ಅದಕ್ಕೆ ಆಗಾಗ ತಿಳಿಸುತ್ತೆ. ಇದರ ಹೆಸರು ಟ್ರಿಮ್. ಒಂದು ಸಲ ಟ್ರಿಮ್ ಓಡಿದರೆ ಅಳಿಸಿದ ಫೈಲ್ ವಾಪಸ್ ಸಿಗೋ ಆಸೆ ಹೆಚ್ಚುಕಡಿಮೆ ಬಿಟ್ಟ ಹಾಗೇ. ಉಬುಂಟುವಿನಲ್ಲಿ ಅದು ವಾರಕ್ಕೊಮ್ಮೆ, ಭಾನುವಾರ ಕಳೆದು ಸೋಮವಾರ ಹುಟ್ಟಿದ ಮೇಲೆ. ಆ ಹೊತ್ತಿಗೆ ಮಷೀನು ಆಫ್ ಇದ್ದರೆ ಮುಂದೆ ಆನ್ ಮಾಡಿದ ಮೇಲೆ ಓಡುತ್ತೆ. ಅವರು ಭಾನುವಾರದ ಬದಲು ಸೋಮವಾರ ಬಂದಿದ್ದರೆ, ಅಕ್ಕ ಅಂಗಡಿ ತೆಗೆದು ಸ್ವಿಚ್ ಒತ್ತಿದ ಮೇಲೆ ಕಥೆ ಮುಗಿದಿರುತ್ತಿತ್ತೇನೋ.

ನನ್ನ ಪೆನ್‌ಡ್ರೈವಿನಲ್ಲಿದ್ದ ಲಿನಕ್ಸಿನಿಂದ ಬೂಟ್ ಮಾಡಿ, ಎಸ್‌ಎಸ್‌ಡಿಗೆ ಏನೂ ಬರೆಯದ ಹಾಗೆ ಫೋಟೋರೆಕ್ ಓಡಿಸಿದೆ. ಅಕ್ಕ ಮಾತಿಲ್ಲದೆ ಎರಡು ಸಲ ಕಾಫಿ ತಂದಿಟ್ಟಳು. ಸಂಜೆ ಹೊತ್ತಿಗೆ 14ರಲ್ಲಿ 11 ಸಿಕ್ಕವು. ಸೋಬಾನೆ ಸಿಕ್ಕಿತು. ಮೊಮ್ಮಗುವಿನ ನಾಮಕರಣದ್ದು ತೆರೆಯಲೇ ಇಲ್ಲ. ಅದನ್ನು ಅವರಿಗೆ ಹೇಳೋ ಕೆಲಸ ನನ್ನದೇ ಆಯಿತು. "ಅವ್ವಂದು ಬಂತಲ್ಲ ಬುಡಿ ಸಾ" ಅಂದರು. ಬೈದಿದ್ದರೆ ಇನ್ನೂ ಹಗುರ ಆಗ್ತಿತ್ತೇನೋ.

ರಾತ್ರಿ ವಾಪಸ್ ಹೊರಡೋ ಮುಂಚೆ ಪರ್ಸೆಂಟ್ ಲೆಕ್ಕ ತೆಗೆದು ಡರ್ಟಿ ಬೈಟ್ಸ್ 48 ಎಂಬಿ ಅಂತ ಇಟ್ಟೆ, ಹಿನ್ನೆಲೆಯಲ್ಲಿ ಬರೆಯಲು ಶುರು ಮಾಡೋ ಮಿತಿ 16 ಎಂಬಿ. ಇದರಿಂದ ಎಸ್‌ಎಸ್‌ಡಿಗೆ ಬರೆಯೋದಕ್ಕೂ ಕಡಿವಾಣ ಬೀಳುತ್ತೆ, ಆದರೆ ಜೆರಾಕ್ಸ್ ಅಂಗಡಿಗೆ ಅಷ್ಟು ಸಾಕು. 6.2 ಕರ್ನಲ್‌ನಿಂದ ಈಚೆಗೆ ಒಂದೊಂದು ಡಿವೈಸಿಗೂ ಬೇರೆ ಬೇರೆ ಮಿತಿ ಬೈಟ್‌ಗಳಲ್ಲೇ ಇಡಬಹುದು. ಅದನ್ನು ಮುಂದಿನ ಸಲ ಊರಿಗೆ ಹೋದಾಗ ನೋಡ್ತೀನಿ.

ಅಕ್ಕ ಈಗ ಎಜೆಕ್ಟ್ ಒತ್ತದೆ ಪೆನ್‌ಡ್ರೈವ್ ಕೀಳೋದಿಲ್ಲ. ಗಿರಾಕಿಗೆ ಒಂದು ಸ್ಟೂಲ್ ಎಳೆದು, "ಕೂತ್ಕೊಳಿ ಅಣ್ಣಾ, ಇದು ಇನ್ನೂ ಮೂರು ನಿಮಿಷ ತಗೊಳ್ತದೆ" ಅಂತಾಳೆ.